ಗುರುವಯ್ಯ ಮತ್ತು ಹಿಂದಿನ ಎಡ ಚಕ್ರದ ಶಬ್ದ

ಕಳೆದ ದೀಪಾವಳಿ ಮುಗಿದ ವಾರ ಗುರುವಯ್ಯ ತನ್ನ ಹೆಂಡತಿಗೆ, "ಸಾಕು, ಇನ್ನು ನಾನು ಆಸ್ಪತ್ರೆಗೆ ಹೋಗಲ್ಲ" ಎಂದ. ಜಗಳವಾಡಿ ಹೇಳಿದ ಮಾತಲ್ಲ. ಸಂಜೆ ತನ್ನ ಗಾಡಿ ರಿಪೇರಿ ಗ್ಯಾರೇಜಿನ ಶಟರ್ ಎಳೆಯುವಾಗ "ಇವತ್ತಿಗೆ ಸಾಕು" ಅನ್ನುತ್ತಿದ್ದನಲ್ಲ, ಅದೇ ದನಿ. ಮಾರನೆಯ ದಿನ ಅಂಜನಮ್ಮ ನಮ್ಮ ಮನೆಯ ಕಣದಲ್ಲಿ ನಿಂತುಕೊಂಡೇ ಅದನ್ನು ನನಗೆ ಹೇಳಿದರು.

ಅವನ ಎರಡೂ ಕಿಡ್ನಿ ಕೆಟ್ಟು ಎಂಟು ತಿಂಗಳಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಗೋಣಿಬೀಡಿನಿಂದ ಚಿಕ್ಕಮಗಳೂರಿಗೆ ಹೋಗಿ, ನಾಲ್ಕು ಗಂಟೆ ಡಯಾಲಿಸಿಸ್ ಮೆಷಿನಿನ ಪಕ್ಕ ಮಲಗಿ ಬರಬೇಕು. ನಿಲ್ಲಿಸಿದರೆ ಎರಡು ಮೂರು ವಾರ, ಅಷ್ಟೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕರೆದುಕೊಂಡು ಹೋಗುತ್ತಿದ್ದವನು ನಾನು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದು ನಿವೃತ್ತನಾಗಿದ್ದೆ, ಹೊತ್ತಿತ್ತು. ಏಳು ಸೀಟಿನ ಹಳೆಯ ಎಸ್‌ಯುವಿ ಒಂದಿತ್ತು.

"ನೀವು ಒಂದು ಮಾತು ಹೇಳಿ ಜಯಣ್ಣ" ಎಂದರು ಅಂಜನಮ್ಮ. "ನಿಮ್ಮ ಮಾತು ಕೇಳ್ತಾರೆ."

ಗುರುವಯ್ಯ ನನ್ನ ಮಾತು ಕೇಳಿದ ಉದಾಹರಣೆ ಐವತ್ತು ವರ್ಷದಲ್ಲಿ ನನಗೆ ನೆನಪಿರಲಿಲ್ಲ. ಆದರೂ ಮಂಗಳವಾರ ಬೆಳಿಗ್ಗೆ ಎಂದಿನಂತೆ ಗಾಡಿ ತಂದು ಅವನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮನೆ ಗ್ಯಾರೇಜಿನ ಹಿಂದೆಯೇ. ಅವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಬಂದು ಹತ್ತಿದ.

"ಡೀಸೆಲ್ ಹಾಕಿಸ್ಕೊಂಡು ಬಂದಿದ್ದೀಯ ಅಂತ ಬಂದೆ. ಇದೇ ಕೊನೆ, ರೈಟ್ರೇ."

ನಾನು ಗಾಡಿ ಹೊರಡಿಸಿದೆ. ಹೋಗುವಾಗ ಅವನು ಮುಂದಿನ ಸೀಟಿನಲ್ಲಿ ಕೂರುತ್ತಿದ್ದ. ಬರುವಾಗ ಕೂರಲಾಗುತ್ತಿರಲಿಲ್ಲ, ನಡುವಿನ ಸೀಟಿನಲ್ಲಿ ಎಡಕ್ಕೆ ತಲೆಯಿಟ್ಟು ಮಲಗುತ್ತಿದ್ದ, ಅಂಜನಮ್ಮ ಅವನ ಕಾಲು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆ ದಿನ ಬರುವಾಗ ಮೂಡಿಗೆರೆಗೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ, ನಿದ್ದೆಯಲ್ಲಿದ್ದಾನೆ ಅಂದುಕೊಂಡಿದ್ದವನು ಕೇಳಿದ: "ಅದೇನದು?"

"ಏನು?"

"ಹಿಂದೆ. ಎಡಗಡೆ. ಟಕ್ ಅಂತು."

ನನಗೇನೂ ಕೇಳಿರಲಿಲ್ಲ.

"ಅಲ್ಲಿ ಮೋರಿ ಹತ್ರ ಗುಂಡಿ ಇದೆಯಲ್ಲ, ಸ್ವಲ್ಪ ಎಡಕ್ಕೆ ತಗ. ಬೇಕು ಅಂತ್ಲೇ ಇಳಿಸು. ನಿಧಾನ."

ಇಳಿಸಿದೆ. "ಟಕ್" ಎಂದ ಅವನು, ಶಬ್ದ ಬಂದ ಮರುಕ್ಷಣ. ಈ ಸಲ ನನಗೂ ಕೇಳಿತು. ತೇವದ ಸೌದೆಯ ಮೇಲೆ ಸೌದೆ ಬಿದ್ದ ಹಾಗೆ ಒಂದೇ ಒಂದು ಸಲ.

"ಎಷ್ಟು ದಿನದಿಂದ ಇದೆ ಇದು?"

"ಗೊತ್ತಿಲ್ಲ ಮಾರಾಯ. ಮುಂದೆ ಕೂತವನಿಗೆ ಕೇಳಲ್ಲ."

"ಹೌದು, ಕೇಳಲ್ಲ" ಎಂದ. ಆಮೇಲೆ ಸ್ವಲ್ಪ ದೂರ ಹೋದ ಮೇಲೆ, "ಇಷ್ಟು ವರ್ಷ ಗಾಡಿ ಕೆಳಗೆ ಮಲಗಿದ್ದೆ. ಒಳಗೆ ಮಲಗಿರಲಿಲ್ಲ" ಎಂದ.

ಶುಕ್ರವಾರ ನಾನು ಹೋಗುವ ಹೊತ್ತಿಗೆ ಅವನು ಷರ್ಟ್ ಹಾಕಿಕೊಂಡು ಗ್ಯಾರೇಜಿನ ಮುಂದಿನ ಟೈರಿನ ಮೇಲೆ ಕೂತಿದ್ದ.

ಗುರುವಯ್ಯ ಹುಟ್ಟಿದ್ದು ಮಲ್ಲಂದೂರಿನ ಕಡೆ ಒಂದು ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ. ಅಪ್ಪ ಕಾಫಿ ಗಿಡ ಕಸಿ ಮಾಡುತ್ತಿದ್ದ, ಅಮ್ಮ ಹಣ್ಣು ಬಿಡಿಸುತ್ತಿದ್ದಳು. ನಮ್ಮದು ಅದೇ ದಿಕ್ಕಿನಲ್ಲಿ ಮೂರು ಎಕರೆ ತೋಟ. ಇಬ್ಬರೂ ಒಂದೇ ಶಾಲೆ. ಏಳನೆಯದಕ್ಕೆ ಅವನು ಶಾಲೆ ಬಿಟ್ಟ, ನಾನು ಓದಿ ಅವನಪ್ಪನ ಹಾಜರಿ ಬರೆಯುವ ಕೆಲಸಕ್ಕೆ ಸೇರಿದೆ. ಇದನ್ನು ಅವನು ಸಾಯುವವರೆಗೂ ತಮಾಷೆಯಾಗಿ ಹೇಳುತ್ತಿದ್ದ; ನಾನು ತಮಾಷೆಯಾಗಿ ತೆಗೆದುಕೊಂಡಂತೆ ಇರುತ್ತಿದ್ದೆ. ಎಸ್ಟೇಟ್ ಜೀಪಿನ ಕೆಲಸ ಕಲಿತು, ಕಳಸದಲ್ಲಿ ಒಂದಷ್ಟು ವರ್ಷ ಸಂಸೆ ಕಡೆಯ ಬಾಡಿಗೆ ಜೀಪುಗಳನ್ನು ರಿಪೇರಿ ಮಾಡಿ, ಮದುವೆಯಾದ ಮೇಲೆ ಗೋಣಿಬೀಡಿಗೆ ಬಂದು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ನಾಲ್ಕು ಸಿಲ್ವರ್ ಓಕ್ ಮರಗಳ ನಡುವೆ ಶೀಟು ಹೊದಿಸಿ ಗ್ಯಾರೇಜು ಮಾಡಿದ. ಬೋರ್ಡು ಹಾಕಲಿಲ್ಲ.

ಅವನ ಹೆಸರು ಹಬ್ಬಿದ್ದು ಹಿಂದಿನ ಚಕ್ರದ ಕೆಲಸಕ್ಕೆ. ನಮ್ಮ ರಸ್ತೆಗಳಲ್ಲಿ ಗಾಡಿಗಳ ಹಿಂಭಾಗವೇ ಮೊದಲು ಸೋಲುವುದು. ಅಲ್ಲಿ ಚಕ್ರದ ಅಚ್ಚನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳುಗಳಿರುತ್ತವೆ, ಆರ್ಮ್ ಅನ್ನುತ್ತಾರೆ. ಪ್ರತಿ ತೋಳಿನ ತುದಿಯಲ್ಲೂ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಒಂದು ರಬ್ಬರ್ ಬುಷ್ ಕೂತಿರುತ್ತದೆ, ಮುಷ್ಟಿಯಷ್ಟು. ಅದು ಹರಿದರೆ ಶಬ್ದ. ಹೊಸದು ಹಾಕುವುದು ಯಾರಿಗಾದರೂ ಬರುತ್ತದೆ. ಆದರೆ ಹೆಚ್ಚಿನವರು ಗಾಡಿ ಎತ್ತಿ, ಚಕ್ರಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟು ಬಿಗಿ ಮಾಡಿಬಿಡುತ್ತಾರೆ. ಗಾಡಿ ನೆಲಕ್ಕಿಳಿದಾಗ ತೋಳು ಮೇಲೆ ತಿರುಗುತ್ತದೆ, ಬಿಗಿಯಾಗಿ ಹಿಡಿದ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ನಿಂತಲ್ಲೂ ಅದಕ್ಕೆ ಬಿಡುವಿಲ್ಲ. ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಗುರುವಯ್ಯ ಹಾಗೆ ಮಾಡುತ್ತಿರಲಿಲ್ಲ. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಅದು ದಿನಾ ಹೊರುವಷ್ಟು ಭಾರ ಹೊರಿಸಿ, ಆಮೇಲೆ ಕೆಳಗೆ ನುಸುಳಿ ಬಿಗಿ ಮಾಡುತ್ತಿದ್ದ. ಭಾರ ಎಂದರೆ ಜನ. ಕೊಯ್ಲಿನ ದಿನಗಳಲ್ಲಿ ಕೆಲಸ ಮುಗಿಸಿ ಹೋಗುವ ಹೆಂಗಸರನ್ನು ರಸ್ತೆಯಲ್ಲೇ ತಡೆಯುತ್ತಿದ್ದ.

"ಅಕ್ಕ, ಐದು ನಿಮಿಷ ಕೂತ್ಕಳಿ."

"ಎಲ್ಲಿಗೆ ಕರ್ಕೊಂಡ್ ಹೋಗ್ತೀಯ ಗುರುವಣ್ಣ?"

"ಎಲ್ಲಿಗೂ ಇಲ್ಲ."

"ಹಂಗಾದ್ರೆ ಇನ್ನೂ ಒಳ್ಳೇದು. ವಾಂತಿ ಬರಲ್ಲ."

ಅವರು ನಗುತ್ತಾ ಹತ್ತಿ, ಒಳಗಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಕೆಳಗೆ ಸ್ಪ್ಯಾನರಿನ ಸದ್ದು ನಿಂತ ಮೇಲೆ ಇಳಿದು ಹೋಗುತ್ತಿದ್ದರು. ಒಮ್ಮೆ ವೀರೇಂದ್ರ ಎಂಬ ಪ್ಲಾಂಟರು ತಮ್ಮ ಹೊಸ ಗಾಡಿ ತಂದಿದ್ದರು. ಮಣ್ಣುಗಾಲಿನ ಹೆಂಗಸರು ಸೀಟಿನ ಮೇಲೆ ಕೂರುವುದು ಅವರಿಗೆ ಇಷ್ಟವಾಗಲಿಲ್ಲ. "ಗುರುವಯ್ಯ, ನಾಲ್ಕು ಮೂಟೆ ಪಾರ್ಚ್‌ಮೆಂಟ್ ಕಾಫಿ ತರಿಸ್ತೀನಿ, ಅದನ್ನೇ ಇಡು" ಎಂದರು.

"ಇಡ್ತೀನಿ ಸಾರ್. ಆದ್ರೆ ಆಮೇಲೆ ಇದ್ರಲ್ಲಿ ಕಾಫಿ ಮಾತ್ರ ಹೋಗ್ಬೇಕು, ನೀವು ಹತ್ಬಾರ್ದು" ಎಂದ ಇವನು, ನಗದೆ.

ಕೊನೆಗೆ ಹೆಂಗಸರೇ ಕೂತರು. ವೀರೇಂದ್ರ ಅವರೂ ಡ್ರೈವರ್ ಸೀಟಿನಲ್ಲಿ ಕೂತು, ಐದು ನಿಮಿಷ ನೇರ ಮುಂದೆ ನೋಡುತ್ತಿದ್ದರು.

ಆ ಮನುಷ್ಯ ಈಗ ವಾರಕ್ಕೆ ಎರಡು ಸಲ ನನ್ನ ಗಾಡಿಯಲ್ಲಿ ಮಲಗಿಕೊಂಡು ಒಂದು ಶಬ್ದ ಹುಡುಕತೊಡಗಿದ. ನೇರವಾಗಿ ಗ್ಯಾರೇಜಿಗೆ ಬಿಟ್ಟು ನೋಡಿಸೋಣವೆಂದರೆ ಒಪ್ಪಲಿಲ್ಲ. "ಗಾಡಿ ಅಡಿಗೆ ಹೋಗೋಕೆ ನಂಗೆ ಆಗಲ್ಲ. ಕಿವಿ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಹೋಯ್ತು ಅಂತ ತಿಳಿಯಲ್ಲ."

ಮೊದಲ ಸಲ ಜಾಕಿ, ಟೂಲ್ ಬ್ಯಾಗು, ಸ್ಟೆಪ್ನಿ, ಸೀಟಿನಡಿಯ ಕೊಡೆ ಎಲ್ಲ ಮನೆಯಲ್ಲಿಟ್ಟು ಹೋದೆವು. ಶಬ್ದ ಬಂತು. ಎರಡನೆಯ ಸಲ ಹಿಂದಿನ ಬಾಗಿಲ ಚಿಲಕಕ್ಕೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದೆ. ಬಂತು. ಮೂರನೆಯ ಸಲ ರಸ್ತೆಯ ಹಂಪ್‌ಗಳನ್ನು ಲೆಕ್ಕ ಹಾಕಿದ. ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಶಬ್ದವಿಲ್ಲ, ಒಂದೇ ಚಕ್ರ ಗುಂಡಿಗೆ ಇಳಿದರೆ ಉಂಟು. "ಶಾಕ್ ಅಬ್ಸರ್ಬರ್ ಅಲ್ಲ. ಅದಾಗಿದ್ರೆ ಹಂಪ್‌ನಲ್ಲೂ ಹೇಳ್ತಿತ್ತು." ಮುಂದಿನ ಸಲ ಆಸ್ಪತ್ರೆಯ ಹೊರಗಿನ ಇಳಿಜಾರಿನಲ್ಲಿ ನನ್ನಿಂದ ಮುಂದೆ ಹಿಂದೆ ಮಾಡಿಸಿ ಸಣ್ಣಗೆ ಬ್ರೇಕ್ ಹಾಕಿಸಿದ. ಗಾಡಿ ಹೊರಡುವಾಗ ಒಂದು ಟಕ್, ನಿಲ್ಲುವಾಗ ಒಂದು ಟಕ್. ಕಣ್ಣು ಮುಚ್ಚಿಕೊಂಡೇ, "ಕೆಳಗಿನ ಆರ್ಮ್. ಎಡದ್ದು. ಮುಂದಿನ ಬುಷ್" ಎಂದ. ಸೆಕ್ಯುರಿಟಿಯವನು ಬಂದು ಗಾಡಿ ತೆಗೆಯಿರಿ ಎಂದು ಗದರಿದ.

ಇಷ್ಟಾಗುವಾಗ ಮೂರು ವಾರ ಕಳೆದಿತ್ತು. ಅವನು ತೆಳ್ಳಗಾಗುತ್ತಿದ್ದ, ಪಾದ ಮಾತ್ರ ಊದುತ್ತಿತ್ತು. ದಿನಕ್ಕೆ ಅರ್ಧ ಲೋಟ ಕಾಫಿ, ಅಳೆದ ನೀರು. ಆದರೆ ನಿಲ್ಲಿಸುವ ಮಾತು ಎತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಂಜನಮ್ಮ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮಂಗಳವಾರ ಬಂದ್ರೆ ತಾವೇ ಎದ್ದು ಷರ್ಟ್ ಹಾಕ್ಕೊಳ್ತಾರೆ ಜಯಣ್ಣ. ಆ ಶಬ್ದ ಹೋಗೋದು ಬೇಡ ಅಂತ ನಾನು ದೇವ್ರಿಗೆ ಕೈ ಮುಗೀತಿದ್ದೀನಿ."

ನಾನೂ ಅದನ್ನೇ ಯೋಚಿಸುತ್ತಿದ್ದೆ. ದೇವರಿಗೆ ಹೇಳಿರಲಿಲ್ಲ, ಅಷ್ಟೇ.

ಗ್ಯಾರೇಜನ್ನು ಈಗ ನಡೆಸುತ್ತಿರುವುದು ದಿಲೀಪ. ಗುರುವಯ್ಯನ ಹತ್ತಿರ ಹದಿನೈದು ವರ್ಷ ಕೆಲಸ ಮಾಡಿದವನು, ಎರಡು ಮಕ್ಕಳ ತಂದೆ. ಗುರುವಯ್ಯ ಆಸ್ಪತ್ರೆ ಸೇರಿದ ಮೇಲೆ ಗಾಡಿ ಎತ್ತುವ ಲಿಫ್ಟ್ ತಂದು ಹಾಕಿದ್ದ. ಶಬ್ದದ ಜಾಗ ಗೊತ್ತಾದ ಮೇಲೆ ನಾನು ಗಾಡಿ ಒಯ್ದಾಗ ಅವನು ಅದನ್ನು ಎತ್ತಿ, ಆರ್ಮಿಗೆ ಲಿವರ್ ಹಾಕಿ ಅಲುಗಿಸಿ, "ಆಟ ಇಲ್ಲ ಅಣ್ಣ, ಅಲ್ಲಾಡ್ತಿಲ್ಲ. ಬುಷ್ ಚೆನ್ನಾಗೇ ಇದೆ. ಹೋದ ಬೇಸಿಗೆಲಿ ನಾನೇ ಹೊಸದು ಹಾಕಿದ್ದು" ಎಂದ.

ಟೈರಿನ ಮೇಲೆ ಕೂತಿದ್ದ ಗುರುವಯ್ಯ, "ಕೆಳಗಿಳಿಸಿ ನೋಡು" ಎಂದ.

ಇಳಿಸಿ, ಮಲಗಿ, ಟಾರ್ಚ್ ಬಿಟ್ಟು ನೋಡಿದ ದಿಲೀಪ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಭಾರ ಬಿದ್ದಾಗ ಬುಷ್‌ನ ಬಿರುಕು ಬಾಯಿ ಬಿಟ್ಟಿತ್ತು. ಒಂದು ಬೆರಳು ತೂರುವಷ್ಟು.

"ಲಿಫ್ಟಲ್ಲೇ ಬಿಗಿ ಮಾಡಿದ್ಯಾ?" ಎಂದು ಕೇಳಿದ ಗುರುವಯ್ಯ.

"ಹ್ಞೂಂ ಅಣ್ಣ." ದಿಲೀಪ ಎದ್ದು ಅಂಗೈ ಒರೆಸಿಕೊಂಡ. "ಈಗ ಯಾರು ಬಂದು ಕೂರ್ತಾರೆ ಹೇಳಿ. ಕೆಲಸದವ್ರೆಲ್ಲ ಅಸ್ಸಾಮಿನವ್ರು, ಪಿಕಪ್‌ನಲ್ಲಿ ಬರ್ತಾರೆ, ಪಿಕಪ್‌ನಲ್ಲೇ ಹೋಗ್ತಾರೆ. ಗಾಡಿಯವ್ರು ಗಾಡಿ ಬಿಟ್ಟು ಫೋನ್ ಮಾಡಿ ಅಂತ ಹೋಗ್ತಾರೆ."

ಬೈಯುತ್ತಾನೆ ಅಂದುಕೊಂಡೆ. ಗುರುವಯ್ಯ, "ಲಿಫ್ಟ್ ಒಳ್ಳೇದೇ, ಬೆನ್ನು ಉಳೀತದೆ. ಕೊನೆಯ ಬಿಗಿ ಮಾತ್ರ ಅದ್ರಲ್ಲಿ ಬೇಡ" ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿದ.

ಬುಷ್ ಹಾಸನದಿಂದ ಬರಬೇಕಿತ್ತು. ನಾಲ್ಕೇ ದಿನದಲ್ಲಿ ಬಸ್ಸಿಗೆ ಹಾಕಿ ಕಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಪೊಟ್ಟಣ ತೆಗೆದುಕೊಂಡವನು ನಾನು. ಅಲ್ಲಿಂದ ಗ್ಯಾರೇಜಿಗೆ ಇನ್ನೂರು ಹೆಜ್ಜೆ. ನಾನು ಆ ದಾರಿ ಹಿಡಿಯದೆ, ಪೊಟ್ಟಣವನ್ನು ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಹಳೆಯ ಇನ್ಶೂರೆನ್ಸ್ ಕಾಗದಗಳ ಕೆಳಗೆ ಇಟ್ಟು ಮನೆಗೆ ಹೋದೆ.

"ಬುಷ್ ಬಂತಾ?" ಎಂದು ಕೇಳುತ್ತಿದ್ದ, ಗಾಡಿ ಹತ್ತಿದ ಕೂಡಲೇ.

"ಸ್ಟಾಕ್ ಇಲ್ವಂತೆ. ಶುಕ್ರವಾರ ಅಂದಿದ್ದಾರೆ."

ಶುಕ್ರವಾರ, "ಬುಷ್ ಬಂತಾ?"

"ಇಲ್ಲ ಮಾರಾಯ. ಕಂಪನಿಯಿಂದಲೇ ಬಂದಿಲ್ವಂತೆ."

ಬರುವಾಗ ಪ್ರತಿ ಗುಂಡಿಗೂ ಟಕ್ ಎನ್ನುತ್ತಿತ್ತು. ದಿನ ಹೋದಂತೆ ಜೋರಾಯಿತು. ಡಯಾಲಿಸಿಸ್ ಆದ ಮೇಲೆ ಅವನ ಮೈಯೆಲ್ಲ ನೋಯುತ್ತಿತ್ತು, ಸ್ನಾಯು ಸೆಳೆಯುತ್ತಿತ್ತು. ಪ್ರತಿ ಟಕ್ಕಿಗೂ ಅವನ ಹುಬ್ಬು ಗಂಟಾಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಗುಂಡಿ ತಪ್ಪಿಸಲು ನೋಡುತ್ತಿದ್ದೆ. ನಮ್ಮ ರಸ್ತೆಯಲ್ಲಿ ಒಂದು ತಪ್ಪಿಸಿದರೆ ಇನ್ನೊಂದು. ಅವನು ಬದುಕಿರಲಿ ಎಂದು ಅವನ ನೋವನ್ನು ಡಬ್ಬದಲ್ಲಿ ಮುಚ್ಚಿಟ್ಟುಕೊಂಡು ಓಡಿಸುತ್ತಿದ್ದೇನೆ ಎಂಬುದು ನನಗೆ ತಿಳಿದಿತ್ತು. ತಿಳಿದೂ ಮೂರು ವಾರ, ಆರು ಸಲ ಹೋಗಿ ಬಂದೆ.

ಆರನೆಯ ಸಲ ಹೋಗುವಾಗ ಜನವರಿಯ ಮಂಜು. ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ಅವನು ಸುಮ್ಮನೆ ಮುಂದೆ ನೋಡುತ್ತಾ ಹೇಳಿದ: "ಆ ಡಬ್ಬ ಇಂಜಿನ್ನಿಗೆ ಹತ್ರ ರೈಟ್ರೇ, ಬಿಸಿ ಬಡೀತದೆ. ಹೊಸ ರಬ್ಬರನ್ನ ಅಲ್ಲಿಡಬಾರದು. ಗಟ್ಟಿ ಆಗ್ತದೆ."

ಹಿಂದೆ ಅಂಜನಮ್ಮ ಇದ್ದರು. ಕನ್ನಡಿಯಲ್ಲಿ ಒಮ್ಮೆ ಅವರ ಮುಖ ನೋಡಿ ಕೇಳಿದೆ.

"ಯಾವಾಗ ನೋಡ್ದೆ?"

"ನೀನು ಪೆಟ್ರೋಲ್ ಬಂಕಲ್ಲಿ ಇಳಿದಾಗ. ಗಾಜು ಒರೆಸೋ ಬಟ್ಟೆ ಹುಡುಕ್ತಿದ್ದೆ. ಎರಡು ವಾರ ಆಯ್ತು."

"ಮತ್ತೆ ದಿನಾ ಬಂತಾ ಬಂತಾ ಅಂತ ಕೇಳ್ತಿದ್ದೆ?"

"ನೀನು ಏನೇನು ಸುಳ್ಳು ಹೇಳ್ತೀಯ ಅಂತ ನೋಡ್ತಿದ್ದೆ. ಸುಳ್ಳು ಬರಲ್ಲ ನಿಂಗೆ. ಅಷ್ಟು ಪುಸ್ತಕ ಓದಿ ಏನು ಬಂತು." ಗಾಜಿನ ಮಂಜನ್ನು ಅಂಗೈಯಿಂದ ಒರೆಸಿದ. "ನಿಂಗೂ ಇವಳಿಗೂ ಸ್ವಲ್ಪ ದಿನ ಬೇಕಾಗಿತ್ತು. ಕೊಟ್ಟೆ. ಇನ್ನು ಹಾಕ್ಸು. ನಂಗೆ ಮಲಗಿ ಬರೋಕೆ ಆಗ್ತಿಲ್ಲ ಮಾರಾಯ."

ಹಿಂದೆ ಅಂಜನಮ್ಮ ಕಿಟಕಿಯ ಗಾಜು ಏರಿಸಿದರು.

ಗುರುವಾರ ದಿಲೀಪ ಗಾಡಿ ಎತ್ತಿ, ಹರಿದ ಬುಷ್ ಒತ್ತಿ ತೆಗೆದು, ಹೊಸದನ್ನು ಕೂರಿಸಿದ. ಬೋಲ್ಟು ಕೈಯಲ್ಲಿ ತಿರುಗಿಸಿ ಬಿಟ್ಟು ಗಾಡಿ ಇಳಿಸಿದ. ಆಮೇಲೆ ರಸ್ತೆಯ ಕಡೆ ನೋಡಿದ, ಯಾರನ್ನಾದರೂ ಕರೆಯಲು.

"ಯಾರೂ ಬೇಡ" ಎಂದ ಗುರುವಯ್ಯ. "ಗಾಡಿ ಯಾರನ್ನ ಹೊರ್ತದೋ ಅವ್ರು ಕೂರ್ಬೇಕು."

ನಾನು ಸ್ಟಿಯರಿಂಗ್ ಹಿಡಿದು ಕೂತೆ. ಅವನು ನಡುವಿನ ಸೀಟಿನಲ್ಲಿ ಎಂದಿನಂತೆ ಎಡಕ್ಕೆ ತಲೆಯಿಟ್ಟು ಮಲಗಿದ. ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನ ಕಾಲು ತೊಡೆಯ ಮೇಲಿಟ್ಟುಕೊಂಡರು. ನಿಂತ ಗಾಡಿಯಲ್ಲಿ ಮೂವರು. ಕೆಳಗೆ ದಿಲೀಪನ ಸ್ಪ್ಯಾನರ್ ಕಟಕಟ ಎನ್ನುತ್ತಿತ್ತು.

"ಅವಸರ ಮಾಡ್ಬೇಡ" ಎಂದ ಗುರುವಯ್ಯ, ಸೀಟಿಗೆ ಬಾಯಿಟ್ಟು, ಕೆಳಗೆ ಕೇಳುವ ಹಾಗೆ. "ಒಂದು ಸಲ ಅಲುಗಿಸಿ ಕೂರಿಸು. ಆಮೇಲೆ ಕೊನೇದು."

ಗಾಡಿ ಒಮ್ಮೆ ಮೆಲ್ಲಗೆ ಅಲುಗಿತು.

ಮರುದಿನ ಆಸ್ಪತ್ರೆಯಿಂದ ಬರುವಾಗ ಮೋರಿಯ ಹತ್ತಿರ ನಾನು ಗುಂಡಿ ತಪ್ಪಿಸಲಿಲ್ಲ. ಚಕ್ರ ಇಳಿದು ಹತ್ತಿತು. ಏನೂ ಕೇಳಲಿಲ್ಲ. ಅವನಿಗೆ ಹೇಳೋಣವೆಂದು ಕನ್ನಡಿ ನೋಡಿದರೆ ನಿದ್ದೆ ಹೋಗಿದ್ದ, ಬಾಯಿ ಸ್ವಲ್ಪ ತೆರೆದು. ಹತ್ತು ತಿಂಗಳಾಗಿತ್ತು, ಆ ದಾರಿಯಲ್ಲಿ ಅವನು ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಗೋಣಿಬೀಡು ಬಂದ ಮೇಲೂ ಎಬ್ಬಿಸದೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದೆವು.

ಮಂಗಳವಾರ ಅವನು ಷರ್ಟ್ ಹಾಕಿರಲಿಲ್ಲ. ಬನಿಯನ್ನಿನಲ್ಲಿ ಬಾಗಿಲಿಗೆ ಬಂದು, "ಗಾಡಿ ಹೇಗಿದೆ?" ಎಂದ.

"ಚೆನ್ನಾಗಿದೆ."

"ಹ್ಞಾಂ" ಎಂದು ಒಳಗೆ ಹೋದ. ನಾನು ಇಳಿದು ಒಳಗೆ ಹೋಗಿ ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿದೆ. ಶುಕ್ರವಾರವೂ ಹೋಗಿ ಹೇಳಿದೆ. ಡಾಕ್ಟರಿಗೆ ಫೋನ್ ಮಾಡಿ ಕೊಟ್ಟೆ, ಅವರ ಹತ್ತಿರ ಮರ್ಯಾದೆಯಿಂದ ಮಾತಾಡಿದ, ಬರಲಿಲ್ಲ. ಕೊನೆಯ ಡಯಾಲಿಸಿಸ್ ಆದ ಹದಿನೇಳನೆಯ ದಿನ ಬೆಳಿಗ್ಗೆ ತೀರಿಹೋದ.

ಹೋದ ವಾರ ಗ್ಯಾರೇಜಿನ ಕಡೆ ಹೋಗಿದ್ದೆ. ಹೂವಿನ ಮಳೆ ಆಗಿತ್ತು, ರಸ್ತೆಯವರೆಗೂ ಕಾಫಿ ಹೂವಿನ ವಾಸನೆ. ದಿಲೀಪ ಯಾರದೋ ಗಾಡಿಯ ಹಿಂದಿನ ಕೆಲಸ ಮುಗಿಸಿ ನೆಲಕ್ಕಿಳಿಸಿದ್ದ. ಅಸ್ಸಾಮಿನ ಇಬ್ಬರು ಆಳುಗಳನ್ನು ಕೈಸನ್ನೆ ಮಾಡಿ ಕರೆದು ಹಿಂದೆ ಕೂರಿಸಿದ್ದ. ಏನು ನಡೆಯುತ್ತಿದೆ ಎಂದು ತಿಳಿಯದೆ ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. "ಇನ್ನಿಬ್ಬರು ಬೇಕು ಜಯಣ್ಣ" ಎಂದ. ನಾನು ಹತ್ತಿದೆ. ಅಂಜನಮ್ಮನನ್ನೂ ಕರೆದ. ಅವರು ಬಂದು ನಡುವಿನ ಸೀಟಿನಲ್ಲಿ ನನ್ನ ಪಕ್ಕ ಕೂತರು.

ದಿಲೀಪ ಕೆಳಗೆ ನುಸುಳಿದ. ಸ್ಪ್ಯಾನರಿನ ಸದ್ದು ಶುರುವಾಯಿತು.

"ಆ ರಬ್ಬರ್ ಎಷ್ಟು ದಿನ ನಿಮ್ಮತ್ರ ಇತ್ತು ಜಯಣ್ಣ?" ಎಂದು ಕೇಳಿದರು ಅಂಜನಮ್ಮ.

"ಮೂರು ವಾರ."

ಅವರು ಮುಂದಿನ ಸೀಟಿನ ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇನ್ನೊಂದು ವಾರ ಇಟ್ಕೋಬೋದಿತ್ತು" ಎಂದರು. ಸ್ವಲ್ಪ ತಡೆದು, "ಪಾಪ, ನೋವಾಗ್ತಿತ್ತು ಅವ್ರಿಗೆ" ಎಂದರು.

ಕೆಳಗಿನಿಂದ ದಿಲೀಪ, "ಆಯ್ತು, ಇಳೀಬೋದು" ಎಂದ. ಅಸ್ಸಾಮಿನವರು ಇಳಿದು ಹೋದರು. ನಾವಿಬ್ಬರೂ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು.